ಕ್ಯಾಂಪಿನ ಓಟು, ಊರಿನ ಮೆಂಬರ್: ನಮ್ಮ ವಾರ್ಡು, ಮೀಸಲು ಯಾರು ಹಾಕ್ತಾರ?

ಎಡದಂಡೆ_ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ದು ಕಾರಟಗಿ–ಸಿಂಧನೂರು ನಡುವಿನ ಒಂದು ಕ್ಯಾಂಪು, ಅಂದ್ರ ಕಾಲುವೆ ನೀರು ಬಂದಮ್ಯಾಲ ಹೊರಗಿಂದ ಬಂದವರು ಕಟಗೊಂಡ ಊರು. ಹೆಸರು ಕೇಳಬ್ಯಾಡ್ರಿ, ಹೇಳಿದ್ರ ನಾಳೆ ಚಾದಂಗಡ್ಯಾಗ ಕುಂದ್ರಾಕ ಆಗಂಗಿಲ್ಲ. ತಾತ ತುಂಗಭದ್ರಾ ಡ್ಯಾಂ ನೀರು ಬಂದ ಹೊಸದ್ರಾಗ ಆಂಧ್ರದ ಕೃಷ್ಣಾ ಜಿಲ್ಲೆಯಿಂದ ಬಂದು ಭೂಮಿ ತಗೊಂಡವರು. ಅಪ್ಪ ಹುಟ್ಟಿದ್ದು ಇಲ್ಲೇ, ನಾನು ಹುಟ್ಟಿದ್ದೂ ಇಲ್ಲೇ, ಓದಿದ್ದು ಕನ್ನಡ ಶಾಲಿ. ಆದ್ರೂ ಪಂಚಾಯಿತಿ ಚುನಾವಣೆ ಬಂತಂದ್ರ ನಾವು ‘ಆಂಧ್ರದವರು’.

ವಿಷಯ ಏನಂದ್ರ, ಕ್ಯಾಂಪಿನಾಗ ಸುಮಾರು 700 ಮಂದಿ ಅದೀವಿ. ಎರಡು ಕಿಲೋಮೀಟರ್ ಆಚೆ ಇರೋ ಮೂಲ ಊರಿನ ಎರಡು ಓಣಿ ಕೂಡಿಸಿ ಒಂದು ವಾರ್ಡ್ ಮಾಡ್ಯಾರ. ಮೂರು ಸೀಟು. ಹೋದ ಸಲ ಮೀಸಲು ಹಿಂಗಿತ್ತು: ಎಸ್ಟಿ ಮಹಿಳೆ, ಎಸ್ಸಿ, ಸಾಮಾನ್ಯ ಮಹಿಳೆ. ಮೂವರೂ ಊರಿನವರೇ ಗೆದ್ರು. ಓಣಿ ಚರಂಡಿ ಎರಡು ಸಲ ಆತು, ನಮ್ಮ ಕ್ಯಾಂಪಿನ ನೀರಿನ ಘಟಕದ ಮೋಟಾರ್ ಸುಟ್ಟು ಎಷ್ಟೋ ದಿನ ಆತು, ಕೇಳೋರಿಲ್ಲ. ಈ ವಾರ್ಡ್ ಗೆರಿ ಎಳಿಯೋರು ಯಾರು? ಒಂದು ವಾರ್ಡಿಗೆ ಮೂರು ಸೀಟು ಯಾಕ? ಕ್ಯಾಂಪಿಗೇ ಒಂದು ಬ್ಯಾರೆ ಪಂಚಾಯಿತಿ ಕೇಳಾಕ ಬರ್ತೈತೇನು?

ಸೋನಾಮಸೂರಿ
700 ಮಂದಿಗೆ ಒಂದು ಪಂಚಾಯಿತಿ! ಆಮ್ಯಾಲ ತಾಲ್ಲೂಕನ್ನೂ ಕೇಳು ತಮ್ಮ.

ನಿವೃತ್ತ_ಗುಮಾಸ್ತ
ನಗಬೇಡಿ, ಪ್ರಶ್ನೆ ಸರಿಯಾಗಿಯೇ ಇದೆ. ಎರಡು ಜಿಲ್ಲೆಗಳಲ್ಲಿ ಪಂಚಾಯಿತಿ ಚುನಾವಣೆಯ ಕೆಲಸ ಮಾಡಿದ್ದೇನೆ, ತಿಳಿದಷ್ಟು ಬರೆಯುತ್ತೇನೆ.

1993ರ ಪಂಚಾಯತ್ ರಾಜ್ ಕಾಯ್ದೆ (ಈಗ ಅದರ ಹೆಸರಿಗೆ ‘ಗ್ರಾಮ ಸ್ವರಾಜ್’ ಸೇರಿದೆ) ಪ್ರಕಾರ ಒಂದು ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆ ಬೇಕು. ಕೊಡಗು, ಉತ್ತರ ಕನ್ನಡದಂಥ ಮಲೆನಾಡು–ಕರಾವಳಿ ಜಿಲ್ಲೆಗಳಿಗೆ 2,500ರ ಸಡಿಲಿಕೆ ಉಂಟು. ರಾಯಚೂರು, ಕೊಪ್ಪಳಕ್ಕೆ ಅದಿಲ್ಲ. ಹಾಗಾಗಿ ಒಂದೇ ಕ್ಯಾಂಪಿಗೆ ಪಂಚಾಯಿತಿ ಆಗದು. ಅಕ್ಕಪಕ್ಕದ ಆರೇಳು ಕ್ಯಾಂಪು ಒಟ್ಟಾಗಿ ಕೇಳಿದರೆ ಮಾತು ಬೇರೆ. ಗಂಗಾವತಿ ಪಕ್ಕದ ಶ್ರೀರಾಮನಗರ ನೋಡಿ, ಕ್ಯಾಂಪಾಗಿ ಶುರುವಾದದ್ದು, ಇವತ್ತು ತಾನೇ ಪಂಚಾಯಿತಿ.

ಸೀಟಿನ ಲೆಕ್ಕ: 400 ಜನಸಂಖ್ಯೆಗೆ ಒಬ್ಬ ಸದಸ್ಯ, ಉಳಿಕೆಗೂ ಒಬ್ಬ. 6,700 ಇದ್ದರೆ 17 ಮಂದಿ. ಗಮನಿಸಿ, ಜನಸಂಖ್ಯೆ, ಮತದಾರರಲ್ಲ. ನಿಮ್ಮ ವಾರ್ಡಿಗೆ ಮೂರು ಸೀಟು ಬಂದಿದೆ ಎಂದರೆ ಲೆಕ್ಕಕ್ಕೆ ಸಿಕ್ಕ ಜನ 1,200ರ ಆಸುಪಾಸು ಇರಬೇಕು. ಗೆರೆ ಎಳೆಯುವುದು ಜಿಲ್ಲಾಧಿಕಾರಿ, ರಾಜ್ಯ ಚುನಾವಣಾ ಆಯೋಗದ ನಿರ್ದೇಶನದಂತೆ. ವಾಸ್ತವದಲ್ಲಿ ಕರಡು ತಯಾರಾಗುವುದು ತಹಶೀಲ್ದಾರ್ ಕಚೇರಿಯ ಒಂದು ಟೇಬಲ್ ಮೇಲೆ. ಅದನ್ನು ಪ್ರಕಟಿಸಿ ಆಕ್ಷೇಪಣೆಗೆ ಕೆಲವು ದಿನ ಕೊಡುತ್ತಾರೆ. ಆ ದಿನಗಳಲ್ಲಿ ಕ್ಯಾಂಪಿನವರು ಯಾರೂ ನೋಟಿಸ್ ಬೋರ್ಡ್ ಕಡೆ ತಲೆ ಹಾಕುವುದಿಲ್ಲ. ಮತದಾನಕ್ಕೆ ಹದಿನೈದು ದಿನ ಇರುವಾಗ ಅರ್ಜಿ ಹಿಡಿದು ಬರುತ್ತಾರೆ.

ಮಸ್ಕಿ_ಮಲ್ಲಿ
ಗುಮಾಸ್ತ ಸರ, ಆ ‘ಲೆಕ್ಕಕ್ಕೆ ಸಿಕ್ಕ ಜನ’ದಾಗೇ ಎಲ್ಲಾ ಅದ. 2011ರ ಜನಗಣತಿ ಆಗಿದ್ದು ಫೆಬ್ರವರಿದಾಗ. ಆ ಹೊತ್ತಿಗೆ ನಮ್ಮ ಕಡೆ ಒಣಭೂಮಿ ಊರುಗಳ ಅರ್ಧ ಮಂದಿ ಬೆಂಗಳೂರಿಗೆ ಗುಳೆ ಹೋಗಿರ್ತಾರ, ಮನಿಗೆ ಬೀಗ. ಅದೇ ಹೊತ್ತಿಗೆ ಕಾಲುವೆ ಕ್ಯಾಂಪುಗಳಾಗ ಎರಡನೇ ಬೆಳಿ ನಡದಿರ್ತದ, ಮಂದಿ ತುಂಬಿರ್ತಾರ. ಕ್ಯಾಂಪಿಗೆ ಅನ್ಯಾಯ ಆಗ್ಯಾದ ಅಂತ ಅಳೋ ಮುಂದ ಹಟ್ಟಿ, ತಾಂಡಾದವರ ಲೆಕ್ಕನೂ ತಗೀರಿ.

ಸೋನಾಮಸೂರಿ
ಅಳೋದು ಅಂತೀ ಯಾಕವ್ವಾ, ಹುಡುಗ ಕೇಳಿದ್ದು ಬರೀ ರೂಲು.

ಮಾನ್ವಿ_ಟೇಲೆಂಡ್
ಕೇಳಲಿ ಕೇಳಲಿ. ಮೊದಲು ನೀರು ತಗೊಂಡ್ರು, ಆಮ್ಯಾಲ ಭೂಮಿ ತಗೊಂಡ್ರು, ಈಗ ಪಂಚಾಯಿತಿ ಒಂದು ಉಳಿದಿತ್ತು.

ಎಡದಂಡೆ_ಹುಡುಗ
ಅಣ್ಣಾ, ಭೂಮಿ ತಗೊಂಡಿದ್ದು ರೊಕ್ಕ ಕೊಟ್ಟು. ಕಸಗೊಂಡಿಲ್ಲ.

ಮಾನ್ವಿ_ಟೇಲೆಂಡ್
ಎಕರೆಗೆ ಎಷ್ಟು ಕೊಟ್ರಿ ಅಂತ ನಿಮ್ಮ ತಾತನ್ನ ಕೇಳು.

ಹಳೇ_ಜೋಳದ_ಹೊಲ
ಇಬ್ಬರೂ ಸುಮ್ನಿರ್ರಿ. ನಾನು ಆಗ ಹುಡುಗ, ಕಣ್ಣಾರೆ ನೋಡಿದ್ದು ಹೇಳ್ತೀನಿ. 1953ಕ್ಕ ಡ್ಯಾಂ ಆತು, ಕಾಲುವೆ ಬಂತು. ನಮ್ಮಪ್ಪ ಜೋಳ, ಹತ್ತಿ ಹಾಕೋ ಮನುಷ್ಯ. ಏರುತಗ್ಗು ಹೊಲ ಸಮ ಮಾಡಬೇಕು, ಮಡಿ ಕಟ್ಟಬೇಕು, ಭತ್ತ ನಾಟಬೇಕು. ಅದಕ್ಕ ರೊಕ್ಕ ಎಲ್ಲಿಂದ ತರೋದು? ಬ್ಯಾಂಕು ಸಾಲ ಅಂದ್ರ ಹೆದರಿಕಿ. ನೀರು ಬಂದ್ರ ಕರಿಭೂಮಿ ಸವಳು ಹಿಡೀತೈತಿ ಅಂತ ಬ್ಯಾರೆ ಮಂದಿ ಹೆದರಿಸಿದ್ರು. ಕರಾವಳಿ ಆಂಧ್ರದವರು ಅಲ್ಲಿ ಒಂದೆಕರೆ ಮಾರಿ ಇಲ್ಲಿ ಹತ್ತೆಕರೆ ತಗೊಂಡ್ರು. ಮಾರಿದವರೂ ಖುಷಿಯಿಂದನ ಮಾರಿದ್ರು, ಹತ್ತು ವರ್ಷ ಆದಮ್ಯಾಲ ಅದೇ ಹೊಲಕ್ಕ ಕೂಲಿಗೆ ಹೋದ್ರು. ಸಿಟ್ಟು ಅಲ್ಲೇ ಹುಟ್ಟಿದ್ದು. ಯಾರೂ ಮೋಸ ಮಾಡಲಿಲ್ಲ, ಆದ್ರ ಸಿಟ್ಟು ಸುಳ್ಳಲ್ಲ.

ಇನ್ನ ಮಾನ್ವಿಯವರ ಮಾತು. ಎಡದಂಡೆ ಕಾಲುವೆ ಅಚ್ಚುಕಟ್ಟಿನ ಹೆಚ್ಚಿನ ಪಾಲು ಅರೆ ನೀರಾವರಿ, ಅಂದ್ರ ಕಡಿಮಿ ನೀರಿನ ಬೆಳಿಗಂತ ಬರದಿದ್ದು. ಮ್ಯಾಲಿನವರು ಎಲ್ಲಾ ಭತ್ತ ಹಾಕಿದ್ರು, ಕಾಲುವೆ ಕಡೀಗಿರೋ ಮಾನ್ವಿ, ರಾಯಚೂರು ನೀರಿಲ್ಲದ ಬಾಯಿ ಬಿಡ್ತಾವ. ಇದು ಕ್ಯಾಂಪಿನವರಷ್ಟೇ ಅಲ್ಲ, ಊರ ಗೌಡರೂ ಮಾಡಿದ್ದು.

ಮಾನ್ವಿ_ಟೇಲೆಂಡ್
ಕಡೀ ಮಾತು ಹೇಳಿದ್ರಲ್ಲ, ಅಷ್ಟು ಸಾಕು ಕಾಕಾ.

ಕೂಲಿ_ಕಾಲೊನಿ
ನೀರಿನ ಜಗಳ ಬ್ಯಾರೆ ಕಡೆ ಮಾಡ್ರಿ. ಎಡದಂಡೆ ಹುಡುಗ, ನಿನಗೊಂದು ಪ್ರಶ್ನೆ. ಕ್ಯಾಂಪಿನಾಗ 700 ಮಂದಿ ಅಂದಿ. ಅದರಾಗ ಕಾಲುವೆ ಕಡೀಗಿರೋ ಗುಡಿಸಲು, ತಗಡಿನ ಶೆಡ್ಡಿನವರು ಅದಾರೋ ಇಲ್ಲೋ? ನಾನೂ ಅಂಥಾ ಒಂದು ಕ್ಯಾಂಪಿನಾಗ ಬೆಳದವ. ಅಪ್ಪ ಅವ್ವ ನಾಟಿ, ಕಳೆ, ಕಟಾವು ಮಾಡಿದವರು. ರೈಸ್ ಮಿಲ್ಲಿನಾಗ ಮೂಟಿ ಹೊತ್ತವರು. ಎಸ್ಸಿ ಸೀಟು ಐತಿ, ಎಸ್ಟಿ ಮಹಿಳೆ ಸೀಟು ಐತಿ. ಆ ಶೆಡ್ಡಿನೊಳಗ ಒಬ್ಬ ಮಾದಿಗ, ಒಬ್ಬಾಕಿ ವಾಲ್ಮೀಕಿ ನಾಯಕರ ಹೆಣ್ಣುಮಗಳು ಸಿಗಲಿಲ್ಲೇನು ನಿಲ್ಲಿಸಾಕ? ಮೂರು ಸೀಟಿನಾಗ ಎರಡು ನಿಮ್ಮ ಕ್ಯಾಂಪಿಗೇ ಬರ್ತಿದ್ವು.

ನಮ್ಮಲ್ಲೂ ಇದೇ ಕಥಿ. ರಾಮಮಂದಿರದಾಗ ಮೀಟಿಂಗ್ ಕರೀತಾರ, “ನಮ್ಮ ಕ್ಯಾಂಪಿಗೆ ಸೀಟಿಲ್ಲ” ಅಂತಾರ. ನಾವು ಹೊರಗ ನಿಂತು ಕೇಳಿಸ್ಕೊಂತೀವಿ.

ಎಡದಂಡೆ_ಹುಡುಗ
ಅಣ್ಣಾ, ನಿಲ್ಲಿಸಬೇಕು ಅಂತ ಮಾತು ಬಂದಿತ್ತು. ಒಬ್ಬರ ಹೆಸರೂ ಬಂತು. ಅವರ ಅಪ್ಪನೂ ಆಂಧ್ರದಿಂದನ ಬಂದವರು, ಜಾತಿ ಪ್ರಮಾಣಪತ್ರ ಕೊಡಂಗಿಲ್ಲ ಅಂದ್ರು ಕಚೇರಿಯವರು. ನಾಮಪತ್ರ ಕೊಡೋ ದಿನ ಮುಗದು ಹೋತು.

ಕೂಲಿ_ಕಾಲೊನಿ
ಉಳಿದ ಶೆಡ್ಡಿನವರು? ಮಸ್ಕಿ, ಲಿಂಗಸುಗೂರು ಕಡೆಯಿಂದ ಬಂದವರು? ಅವರಿಗೆ ಪ್ರಮಾಣಪತ್ರ ಐತಲ್ಲ.

ಕಪ್ಪುಕೋಟು
ಪ್ರಮಾಣಪತ್ರದ ವಿಚಾರ ಬಂದಿದ್ದರಿಂದ ಹೇಳುತ್ತೇನೆ. ಎಸ್ಸಿ, ಎಸ್ಟಿ ಪಟ್ಟಿ ರಾಜ್ಯಕ್ಕೊಂದು ಇರುತ್ತದೆ. 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸ್ಪಷ್ಟ ಮಾಡಿದೆ: ಒಂದು ರಾಜ್ಯದಲ್ಲಿ ಎಸ್ಸಿ ಆಗಿದ್ದವರು ಇನ್ನೊಂದು ರಾಜ್ಯಕ್ಕೆ ವಲಸೆ ಹೋದ ಮಾತ್ರಕ್ಕೆ ಅಲ್ಲಿನ ಮೀಸಲು ಸಿಗದು, ಅದೇ ಜಾತಿ ಅಲ್ಲಿನ ಪಟ್ಟಿಯಲ್ಲಿದ್ದರೂ ಸಹ. ಕುಟುಂಬ ಈ ಪಟ್ಟಿ ಹೊರಡಿಸಿದ 1950ರ ರಾಷ್ಟ್ರಪತಿ ಆದೇಶದ ಹೊತ್ತಿಗೆ ಎಲ್ಲಿ ಕಾಯಂ ವಾಸವಿತ್ತು ಎಂಬುದನ್ನು ನೋಡುತ್ತಾರೆ. ಡ್ಯಾಂ ಆದ ಮೇಲೆ ಬಂದವರಿಗೆ ಅದೇ ಪೆಟ್ಟು. ಹಣವಿದ್ದು ಬಂದ ಮನೆತನಕ್ಕೆ ಇದರಿಂದ ನಷ್ಟವಿಲ್ಲ. ಅವರ ಜೊತೆ ಆಳಾಗಿ ಬಂದ ದಲಿತ ಕುಟುಂಬ ಅಲ್ಲಿನ ಹಕ್ಕನ್ನೂ ಬಿಟ್ಟು ಬಂತು, ಇಲ್ಲಿನದೂ ಸಿಗಲಿಲ್ಲ.

ಆ ವ್ಯಕ್ತಿ ಸಾಮಾನ್ಯ ಸೀಟಿಗೆ ನಿಲ್ಲಬಹುದು, ತಡೆಯಿಲ್ಲ. 21 ವರ್ಷ ತುಂಬಿರಬೇಕು, ಆ ಪಂಚಾಯಿತಿಯ ಯಾವುದಾದರೂ ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರು ಇರಬೇಕು. ಅದೇ ವಾರ್ಡು ಆಗಬೇಕೆಂದಿಲ್ಲ.

ಆರೆಚ್_ಕ್ಯಾಂಪ್
ಇದನ್ನ ಓದಿ ನಗು ಬಂತು ಸರ್. ನಾವು ಸಿಂಧನೂರಿನ ಆರ್.ಎಚ್. ಕ್ಯಾಂಪಿನವರು. ನಮ್ಮ ಹಿರಿಯರು ಪೂರ್ವ ಪಾಕಿಸ್ತಾನದಿಂದ ಬಂದವರು, ಸರ್ಕಾರವೇ ಕರೆದುಕೊಂಡು ಬಂದು ಭೂಮಿ ಕೊಟ್ಟು ಕೂರಿಸಿದ್ದು. ನಮ್ಮಲ್ಲಿ ಬಹಳ ಮಂದಿ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಎಸ್ಸಿ, ಇಲ್ಲಿ ಪಟ್ಟಿಯಲ್ಲೇ ಇಲ್ಲ. ಎಷ್ಟೋ ವರ್ಷದಿಂದ ಮನವಿ ಕೊಡ್ತಾ ಇದ್ದೇವೆ. ಕೆಲವರಿಗಂತೂ ಪೌರತ್ವದ ಕಾಗದವೇ ಇರಲಿಲ್ಲ, 2024ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ (ಸಿಎಎ) ಅಡಿ ಒಂದಷ್ಟು ಜನಕ್ಕೆ ಪತ್ರ ಬಂತು. ಮೀಸಲು ಆಮೇಲೆ, ಮೊದಲು ಓಟು ಅನ್ನೋ ಸ್ಥಿತಿ. ಆದರೂ ಗ್ರಾಮ ಪಂಚಾಯಿತಿಯಲ್ಲಿ ನಮ್ಮವರು ಗೆದ್ದಿದ್ದಾರೆ, ಯಾಕಂದ್ರೆ ಕ್ಯಾಂಪುಗಳು ಒಂದರ ಪಕ್ಕ ಒಂದು ಇವೆ. ಚದುರಿದ್ದರೆ ಕಷ್ಟ ಇತ್ತು.

ಮೈಸೂರ್_ಪಾಕು
ಒಂದು ಅಡ್ಡ ಪ್ರಶ್ನೆ. ಬೈಲಕುಪ್ಪೆಯ ಟಿಬೆಟನ್ನರೂ ಗ್ರಾಮ ಪಂಚಾಯಿತಿಗೆ ಓಟು ಹಾಕ್ತಾರಾ? ನಮ್ಮ ಪಿರಿಯಾಪಟ್ಟಣ ಕಡೆ ಹೋದಾಗೆಲ್ಲಾ ಕೇಳಬೇಕು ಅನ್ಸುತ್ತೆ.

ಕಪ್ಪುಕೋಟು
ಎಲ್ಲರೂ ಅಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಮಧ್ಯೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು ಅಂತ 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಟಿಬೆಟನ್ ಅರ್ಜಿಯಲ್ಲಿ ಹೇಳಿತು. ಮರುವರ್ಷ ಭಾರತ ಚುನಾವಣಾ ಆಯೋಗವೂ ಅಂಥವರನ್ನು ಪಟ್ಟಿಗೆ ಸೇರಿಸಿ ಎಂದಿತು. ಪಂಚಾಯಿತಿಗೆ ಬಳಸುವುದು ವಿಧಾನಸಭೆಯ ಮತದಾರರ ಪಟ್ಟಿಯನ್ನೇ, ಹಾಗಾಗಿ ಅದರಲ್ಲಿದ್ದವರಿಗೆ ಇಲ್ಲೂ ಓಟು. ಬಹಳ ಮಂದಿ ಸೇರಿಸಿಕೊಳ್ಳಲೇ ಇಲ್ಲ, ನಿರಾಶ್ರಿತರ ಗುರುತು ಬಿಡಲು ಮನಸ್ಸಿಲ್ಲ.

ಅವರದೇ ಚುನಾವಣೆ ಪ್ರತ್ಯೇಕ ನಡೆಯುತ್ತದೆ. ಧರ್ಮಶಾಲೆಯಲ್ಲಿರುವ ಅವರ ದೇಶಭ್ರಷ್ಟ ಸಂಸತ್ತಿಗೆ 45 ಸದಸ್ಯರು. ಟಿಬೆಟ್‌ನ ಮೂರು ಪ್ರಾಂತ್ಯಗಳಿಗೆ ಹತ್ತತ್ತು, ಐದು ಧಾರ್ಮಿಕ ಪರಂಪರೆಗಳಿಗೆ ಎರಡೆರಡು, ಉಳಿದದ್ದು ವಿದೇಶದಲ್ಲಿರುವವರಿಗೆ. ಭಿಕ್ಷುಗಳಿಗೆ ಎರಡು ಓಟು, ಪ್ರಾಂತ್ಯಕ್ಕೊಂದು, ಪರಂಪರೆಗೊಂದು. 2021ರಲ್ಲಿ ಅವರ ಆಡಳಿತದ ಮುಖ್ಯಸ್ಥರಾಗಿ ಗೆದ್ದ ಪೆನ್ಪಾ ತ್ಸೆರಿಂಗ್ ಹುಟ್ಟಿದ್ದು ಬೈಲಕುಪ್ಪೆಯಲ್ಲೇ.

ಸೋನಾಮಸೂರಿ
ಎರಡು ಓಟು! ನಮ್ಮ ಕ್ಯಾಂಪಿನವರಿಗೆ ತಿಳಿಸಬ್ಯಾಡ್ರಿ, ನಾಳೆನ ಕಾವಿ ಉಡ್ತಾರ.

ಮಸ್ಕಿ_ಮಲ್ಲಿ
ಎರಡ್ಯಾಕ, ಈ ಹುಡುಗನ ವಾರ್ಡಿನಾಗ ಪ್ರತಿಯೊಬ್ಬರಿಗೂ ಮೂರು ಓಟು ಅದಾವ. ಅದನ್ನ ಯಾರೂ ಬಿಡಿಸಿ ಹೇಳಲೇ ಇಲ್ಲ.

ಸೀಟು ಎಷ್ಟೋ ಓಟು ಅಷ್ಟು. ಒಬ್ಬ ಅಭ್ಯರ್ಥಿಗೆ ಒಂದೇ ಮುದ್ರಿ. ಮೂರೂ ಹಾಕಲೇಬೇಕು ಅಂತೇನಿಲ್ಲ, ಒಂದು ಹಾಕಿ ಉಳಿದದ್ದು ಬಿಟ್ರೂ ನಡೀತದ. ಆದ್ರ ನಾಲ್ಕು ಒತ್ತಿದ್ರ ಚೀಟಿನ ತಿರಸ್ಕೃತ. ಮೀಸಲಿನ ಎಡವಟ್ಟು ಇಲ್ಲೇ ಇರೋದು. ಸಾಮಾನ್ಯ ಮಹಿಳೆ ಸೀಟಿಗೆ ನಿಂತಾಕಿ 310 ತಗೊಂಡು ಸೋಲಬಹುದು, ಎಸ್ಟಿ ಮಹಿಳೆ ಸೀಟಿಗೆ ನಿಂತಾಕಿ 180 ತಗೊಂಡು ಗೆಲ್ಲಬಹುದು. ಆಕಿಗೆ ಪೈಪೋಟಿ ಇರೋದು ಅದೇ ಸೀಟಿನವರ ಜೋಡಿ. ಹಂಗಾಗಿ ಊರಿನವರು ಏನು ಮಾಡ್ತಾರ? ಮೂರೂ ಸೀಟಿಗೆ ತಮ್ಮವರನ್ನ ನಿಲ್ಲಿಸಿ “ಮೂರೂ ನಮಗ ಒತ್ರಿ” ಅಂತಾರ. ಕ್ಯಾಂಪಿನವರು ಒಬ್ಬಾಕಿನ್ನ ನಿಲ್ಲಿಸ್ತಾರ, ಉಳಿದ ಎರಡು ಓಟು ಯಾರಿಗೆ ಬೇಕೋ ಅವರಿಗೆ ಚೆಲ್ತಾರ. ನಿಮ್ಮ ಓಟಿನಿಂದನ ಊರಿನ ಇಬ್ಬರು ಗೆದ್ದಿರ್ತಾರ!

ನಿವೃತ್ತ_ಗುಮಾಸ್ತ
ಮಲ್ಲಿಯವರು ಹೇಳಿದ್ದು ಎಣಿಕೆ ಟೇಬಲ್ಲಿನಲ್ಲಿ ನಾನು ಕಂಡದ್ದೇ. 2020ರ ಡಿಸೆಂಬರಿನಲ್ಲಿ 22 ಮತ್ತು 27ಕ್ಕೆ ಮತದಾನ, 30ಕ್ಕೆ ಎಣಿಕೆ. ಬೀದರ್ ಬಿಟ್ಟು ಉಳಿದ ಕಡೆ ಬ್ಯಾಲೆಟ್ ಚೀಟಿ. ಒಂದು ಚೀಟಿ ಬಿಡಿಸಿದರೆ ಒಬ್ಬರ ಚಿಹ್ನೆಯ ಮೇಲೇ ಮೂರು ಮುದ್ರೆ ಸಾಲಾಗಿ, ಅಕ್ಕರೆಯಿಂದ ಒತ್ತಿದ್ದರು. ಇನ್ನೊಂದರಲ್ಲಿ ಎಲ್ಲಾ ಚಿಹ್ನೆಗೂ ಒಂದೊಂದು, ಯಾರ ಮನಸ್ಸನ್ನೂ ನೋಯಿಸದೆ. ಒಂದು ಚೀಟಿಯಲ್ಲಿ ಮುದ್ರೆಯೇ ಇಲ್ಲ, ಹೆಬ್ಬೆಟ್ಟು. ಏಜೆಂಟರು ಮೇಜಿನ ಮೇಲೆ ಬಗ್ಗಿ ಒಂದೊಂದಕ್ಕೂ ಜಗಳ. ಹತ್ತು ಓಟಿನ ಅಂತರದಲ್ಲಿ ಸೀಟು ಹೋಗುವಾಗ ಇವೇ ದೊಡ್ಡವು. ಸಮ ಬಿದ್ದರೆ ಚೀಟಿ ಎತ್ತುವುದು.

ಮೀಸಲು ಲೆಕ್ಕವೂ ಇರಲಿ. ಎಸ್ಸಿ, ಎಸ್ಟಿಗೆ ಆ ಪಂಚಾಯಿತಿಯ ಜನಸಂಖ್ಯೆಯ ಪಾಲಿನಷ್ಟು. ಹಿಂದುಳಿದವರಿಗೆ ಸುಮಾರು ಮೂರನೇ ಒಂದು, ಅದರಲ್ಲಿ ಶೇ 80 ‘ಅ’ ವರ್ಗ, ಶೇ 20 ‘ಬ’ ವರ್ಗ. ಆದರೆ ಇವೆಲ್ಲ ಕೂಡಿ ಅರ್ಧ ದಾಟಬಾರದು, 2010ರ ಸುಪ್ರೀಂ ಕೋರ್ಟ್ ತೀರ್ಪು. ನಿಮ್ಮ ಕಡೆ ಎಸ್ಸಿ, ಎಸ್ಟಿಯೇ ಅರ್ಧದ ಹತ್ತಿರ ಇರುವುದರಿಂದ ಹಿಂದುಳಿದವರಿಗೆ ಉಳಿಯುವುದು ಅಷ್ಟಕ್ಕಷ್ಟೇ. ಪ್ರತಿ ಗುಂಪಿನಲ್ಲೂ ಅರ್ಧ ಮಹಿಳೆಯರಿಗೆ. ಮುಂದಿನ ಸಲ ಸರದಿ ತಿರುಗುತ್ತದೆ, ನಿಮಗೆ ಸಾಮಾನ್ಯ ಸೀಟು ಬಂದರೂ ಬಂತು.

ಮಾಜಿ_ಮೆಂಬರ್_ಅಕ್ಕ
ನಾನೊಂದು ಕ್ಯಾಂಪಿನ ಸೊಸೆ, ಸಾಮಾನ್ಯ ಮಹಿಳೆ ಸೀಟಿನಾಗ ಗೆದ್ದಿದ್ದೆ. ಇಲ್ಲಿ ಎಲ್ಲಾರೂ ಗೆಲ್ಲೋದು ಹೆಂಗ ಅಂತ ಬರದೀರಿ, ಗೆದ್ದ ಮ್ಯಾಲಿಂದು ಕೇಳ್ರಿ. ಮೊದಲ ಮೀಟಿಂಗಿಗೆ ಹೋದ್ರ ನನ್ನ ಕುರ್ಚಿ ಮ್ಯಾಲ ನಮ್ಮ ಮಾವನವರು ಕುಂತಿದ್ರು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೇ ಚಾ ಕೊಟ್ಟ. ನಡಾವಳಿ ಪುಸ್ತಕದಾಗ ಸಹಿ ಮಾತ್ರ ನಂದು. ಎರಡು ಮೀಟಿಂಗ್ ಸುಮ್ನಿದ್ದೆ. ಮೂರನೇದ್ದಕ್ಕ “ಮಾವಾ, ನಿಮ್ಮ ಹೆಸರು ಹಾಜರಿ ಪುಸ್ತಕದಾಗ ಇಲ್ಲ, ಹೊರಗ ಕುಂದ್ರಿ” ಅಂದೆ. ಮನ್ಯಾಗ ಒಂದು ವಾರ ನನ್ನ ಕೂಡ ಯಾರೂ ಮಾತಾಡಲಿಲ್ಲ.

ನಮ್ಮ ಮನಿ ಮಾತು ತೆಲುಗು. ಸಭಾದಾಗ ಕನ್ನಡದಾಗ ಮಾತಾಡಿದ್ರ “ಈಕಿಗೆ ಕನ್ನಡ ಬರ್ತೈತಲ್ಲ” ಅಂತ ಬೆರಗಾಗ್ತಿದ್ರು. ಇಲ್ಲೇ ಇಪ್ಪತ್ತು ವರ್ಷ ಸಂಸಾರ ಮಾಡಿದಾಕಿ ಬ್ಯಾರೆ ಏನು ಮಾತಾಡಬೇಕು?

ಇನ್ನೊಂದು. ನೀರಿನ ಘಟಕದ ಮೋಟಾರಿಗೆ ಮೆಂಬರೇ ಬೇಕಂತಿಲ್ಲ. ವಾರ್ಡ್ ಸಭಾದಾಗ, ಗ್ರಾಮಸಭಾದಾಗ ಎದ್ದು ನಿಂತು ಬರಸ್ರಿ. ನಮ್ಮ ಕ್ಯಾಂಪಿನ ಗಂಡಸರು ಗ್ರಾಮಸಭಾಕ್ಕ ಬರಂಗಿಲ್ಲ, ನೇರ ಎಮ್ಮೆಲ್ಲೆ ಮನಿಗೆ ಕಾರಿನಾಗ ಹೋಗ್ತಾರ.

ಕೂಲಿ_ಕಾಲೊನಿ
ಅಕ್ಕಾ, ಕಡೀ ಸಾಲಿಗೆ ನಮಸ್ಕಾರ.

ಸೋನಾಮಸೂರಿ
ಅಧ್ಯಕ್ಷರ ಆಯ್ಕೆ ಮುಂದ ಮೆಂಬರ್‌ಗಳನ್ನ ಗೋವಾಕ್ಕ ಕರಕೊಂಡು ಹೋಗೋದು ಯಾವ ಕಲಮಿನಾಗ ಬರ್ತೈತಿ ಗುಮಾಸ್ತರೇ?

ನಿವೃತ್ತ_ಗುಮಾಸ್ತ
ಅದು ಪ್ರವಾಸೋದ್ಯಮ ಇಲಾಖೆಗೆ ಬರುತ್ತದೆ.

ಮಾನ್ವಿ_ಟೇಲೆಂಡ್
ನಗ್ರಿ. ನಮ್ಮ ಹೋಬಳಿದಾಗ ಸೀಟು ಹರಾಜು ಹಾಕಿ ‘ಅವಿರೋಧ’ ಅಂತ ಮಾಡ್ತಾರ. ಗುಡಿ ಕಟ್ಟಾಕ ರೊಕ್ಕ ಅಂತ. ಠೇವಣಿ ನೋಡಿದ್ರ 200 ರೂಪಾಯಿ, ಮಹಿಳೆ–ಮೀಸಲಿಗೆ 100. ಹರಾಜಿನಾಗ ಲಕ್ಷದ ಲೆಕ್ಕ. ಕ್ಯಾಂಪಿನ ರೊಕ್ಕದವರು ಬಂದ್ರ ರೇಟು ಇನ್ನೂ ಏರ್ತದ, ಅದಕ್ಕ ನಾವು ಹೆದರೋದು.

ಕಪ್ಪುಕೋಟು
ಹರಾಜು ಅಪರಾಧ. ಆಯೋಗ ಎಚ್ಚರಿಕೆ ಕೊಟ್ಟಿದೆ, ಪ್ರಕರಣಗಳೂ ದಾಖಲಾಗಿವೆ. ಹಣ ಕಟ್ಟಿಸಿಕೊಂಡವರೂ ಸಿಕ್ಕಿಬೀಳುತ್ತಾರೆ, ‘ದೇವರ ಕೆಲಸ’ ಅಂದರೆ ನಡೆಯದು.

ಎಡದಂಡೆ ಹುಡುಗರೇ, ನಿಮಗೆ ಕೆಲಸಕ್ಕೆ ಬರುವ ಮಾತು. ವಾರ್ಡ್ ಗೆರೆ ಅಂತಿಮವಾದ ಮೇಲೆ ಕೋರ್ಟಿಗೆ ಹೋದರೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎನ್ನುವ ಸಂವಿಧಾನದ 243-ಒ ವಿಧಿ ಅಡ್ಡ ನಿಲ್ಲುತ್ತದೆ. ಫಲಿತಾಂಶ ಪ್ರಶ್ನಿಸಬೇಕಾದರೆ 30 ದಿನದೊಳಗೆ ಚುನಾವಣಾ ತಕರಾರು ಅರ್ಜಿ. ಆದ್ದರಿಂದ ಇರುವುದು ಕರಡಿನ ಹಂತ ಒಂದೇ. “ಕ್ಯಾಂಪು ಊರಿಂದ ಎರಡು ಕಿ.ಮೀ. ದೂರ, ನಡುವೆ ಕಾಲುವೆ ಇದೆ, ಪಕ್ಕದ ಕ್ಯಾಂಪಿನ ಜೊತೆ ಸೇರಿಸಿದರೆ ಇಷ್ಟು ಜನಸಂಖ್ಯೆ, ಇಷ್ಟು ಸೀಟು” ಅಂತ ನಕ್ಷೆ ಸಮೇತ ಬರೆದುಕೊಡಿ. “ನಮಗೆ ಅನ್ಯಾಯ” ಎಂಬ ಅರ್ಜಿಯನ್ನು ಯಾರೂ ಓದುವುದಿಲ್ಲ.

ಎಡದಂಡೆ_ಹುಡುಗ
ಪಕ್ಕದ ಕ್ಯಾಂಪು ಬ್ಯಾರೆ ಪಂಚಾಯಿತಿಗೆ ಹೋಗೈತಿ ಸರ. ಕಾಲುವೆ ಆಚೆ ಅವರು, ಈಚೆ ನಾವು. ತಾಲ್ಲೂಕೇ ಬ್ಯಾರೆ.

ಕಪ್ಪುಕೋಟು
ಹಾಗಾದರೆ ಡೀಸಿ ಕಚೇರಿಯ ಆಕ್ಷೇಪಣೆಯಲ್ಲಿ ಮುಗಿಯುವ ವಿಷಯ ಅಲ್ಲ. ಪಂಚಾಯಿತಿ ಗಡಿಯೇ ಬದಲಾಗಬೇಕು, ತಾಲ್ಲೂಕಿನ ಗಡಿಯೂ ನಡುವೆ ಬಂತು. ಸದ್ಯಕ್ಕೆ ಅದನ್ನು ಬಿಡಿ.

ನಿವೃತ್ತ_ಗುಮಾಸ್ತ
ಇನ್ನೊಂದು ದಾರಿ: ನಿಮ್ಮ ಕ್ಯಾಂಪು ಕಂದಾಯ ಗ್ರಾಮ ಆಗಿದೆಯೇ ನೋಡಿ. ತಾಂಡಾ, ಹಟ್ಟಿ, ಹಾಡಿ, ಕ್ಯಾಂಪುಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಕೆಲವು ವರ್ಷಗಳಿಂದ ನಡೆದಿದೆ. ಆದರೆ ಕಂದಾಯ ಗ್ರಾಮ ಆದ ಕೂಡಲೇ ಪಂಚಾಯಿತಿ ಬರುತ್ತದೆ ಎಂದು ಯಾರೋ ಹಬ್ಬಿಸಿದ್ದಾರೆ, ಅದು ಸುಳ್ಳು. ಮನೆಗೆ ಹಕ್ಕುಪತ್ರ ಸಿಗುವುದು, ದಾಖಲೆಯಲ್ಲಿ ಕ್ಯಾಂಪಿನ ಹೆಸರು ಬರುವುದು, ಜನಗಣತಿಯಲ್ಲಿ ಬೇರೆಯಾಗಿ ಎಣಿಕೆಯಾಗುವುದು, ಇಷ್ಟು ಲಾಭ. ವಾರ್ಡ್ ಕೇಳಲು ಅದೇ ಆಧಾರ.

ಕೂಲಿ_ಕಾಲೊನಿ
ಹಕ್ಕುಪತ್ರ ಬಂದಾಗ ಶೆಡ್ಡಿನವರ ಹೆಸರನ್ನೂ ಬರಸ್ತೀರೋ ಇಲ್ಲೋ? ಆ ಜಾಗ ಯಾರದೋ ಹೊಲದ ಬದುವಿನಾಗ ಇರ್ತೈತಿ. ಮಾಲಕ “ಅದು ನನ್ನ ಪಟ್ಟಾ” ಅಂತಾನ.

ಎಡದಂಡೆ_ಹುಡುಗ
ನಮ್ಮಲ್ಲಿ ಶೆಡ್ಡಿನವರ ಕಾಲೊನಿ ಜಾಗ ನಮ್ಮ ದೊಡ್ಡಪ್ಪನ ಸರ್ವೆ ನಂಬರಿನಾಗೇ ಐತಿ ಅಣ್ಣಾ. ಕೇಳಿ ನೋಡ್ತೀನಿ. ಸುಲಭದ ಮಾತಲ್ಲ.

ಮಾಜಿ_ಮೆಂಬರ್_ಅಕ್ಕ
ದೊಡ್ಡಪ್ಪನ್ನ ಕೇಳಬ್ಯಾಡ, ದೊಡ್ಡವ್ವನ್ನ ಕೇಳು. ಮುಂದಿನ ಸಲ ಮತ್ತ ಸಾಮಾನ್ಯ ಮಹಿಳೆ ಬಂದ್ರ ನಿಲ್ಲೋದು ಆಕಿನ. ಶೆಡ್ಡಿನವರ ಓಟು ಎಷ್ಟು ಅದಾವ ಅಂತ ಆಕಿಗೆ ಲೆಕ್ಕ ಹೇಳಿ ಕೇಳು.

ಸೋನಾಮಸೂರಿ
ಶೆಡ್ಡಿನವರದು ಎಷ್ಟು ಅದಾವೋ ತಮ್ಮ, ನಿಜ ಹೇಳು?

ಎಡದಂಡೆ_ಹುಡುಗ
ಪಟ್ಟಿ ತಗದು ನೋಡ್ದೆ. ಕ್ಯಾಂಪಿನ 460 ಓಟಿನಾಗ 190 ಅವರವೇ.

ಮಸ್ಕಿ_ಮಲ್ಲಿ
190! ಅಷ್ಟು ಓಟು ಮನಿ ಹಿಂದ ಇಟಗೊಂಡು ಊರಿನವರ ಮ್ಯಾಲ ದೂರು ಹೇಳ್ತಿದ್ದಿ?

ಮಾನ್ವಿ_ಟೇಲೆಂಡ್
ಅದಿರಲಿ, ಈ ವರ್ಷ ನಿಮ್ಮ ಡಿಸ್ಟ್ರಿಬ್ಯೂಟರಿ ಕಾಲುವೆಗೆ ನೀರು ಯಾವಾಗ ಬಿಟ್ರು?